ಫೋನಿನ ಪಡಿಯಚ್ಚು

2012ರ ಆಂಡ್ರಾಯ್ಡ್ 4.1ಕ್ಕೆ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡ ಬರೀ ಚೌಕಗಳು. ರೂಟ್ ಮಾಡಿ, ಅಂದರೆ ಸಿಸ್ಟಮ್ಮಿನ ಪೂರ್ತಿ ಹಿಡಿತ ಪಡೆದು, ಫಾಂಟ್ ತುರುಕಿದರೆ ಅಕ್ಷರವೇನೋ ಮೂಡುತ್ತಿತ್ತು, ಒತ್ತಕ್ಷರ ಮಾತ್ರ ಚೆಲ್ಲಾಪಿಲ್ಲಿ!

ಹೀಗೆ ಫೋನಿನ ಹೊಟ್ಟೆಗೇ ಕೈಹಾಕುವವರಿಗೆ ಧೈರ್ಯ ಕೊಟ್ಟದ್ದು, ಏನಾದರೂ ಕೆಟ್ಟರೆ ಫೋನನ್ನು ಹಿಂದಿನ ಸ್ಥಿತಿಗೆ ತರುವ ನ್ಯಾಂಡ್ರಾಯ್ಡ್ ಬ್ಯಾಕಪ್. ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ ತಂತ್ರಾಂಶದಲ್ಲಿ ಬೂಟ್, ಸಿಸ್ಟಮ್, ಡೇಟಾ ಟಿಕ್ ಮಾಡಿ ಬೆರಳನ್ನು ಬಲಕ್ಕೆಳೆದರೆ ಆ್ಯಪ್, ಸೆಟ್ಟಿಂಗ್, ಮೆಸೇಜುಗಳೆಲ್ಲ ಇದ್ದಂತೆಯೇ ಪಡಿಯಚ್ಚು. ಎಂಥ ಸೊಗಸಾದ ಕೆಲಸ! ಇಂಟರ್ನಲ್ ಸ್ಟೋರೇಜಿನ ಫೋಟೊಗಳು ಮಾತ್ರ ಇದರಲ್ಲಿ ಸೇರುವುದಿಲ್ಲ. ಅವನ್ನು ಬೇರೆಯಾಗಿಯೇ ಕಂಪ್ಯೂಟರಿಗೆ ಹಾಕಿಕೊಳ್ಳಬೇಕು.

ಪಳಗಿದವರು ಇಎಫ್‌ಎಸ್ ಪಾರ್ಟಿಷನ್ನನ್ನೂ ಬಿಡುವುದಿಲ್ಲ. ಅದು ಕೆಟ್ಟರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಮಾಯವಾಗಿ ಸಿಮ್ಮಿಗೆ ನೆಟ್‌ವರ್ಕೇ ಸಿಗದು. ಬ್ಯಾಕಪ್ಪಿಗೆ ಮುಂಚೆ ಸ್ಕ್ರೀನ್ ಲಾಕ್ ತೆಗೆಯುವುದೂ ಅವರ ರೂಢಿ. ಇಲ್ಲದಿದ್ದರೆ ರಿಸ್ಟೋರ್ ಆದಮೇಲೆ ಸರಿಯಾದ ಪಿನ್ನನ್ನೇ ಫೋನ್ ಒಪ್ಪದಿರಬಹುದು.