ಜಾರುವ ಸ್ವಿಚ್

ಸಿ ಭಾಷೆಯ ಸ್ವಿಚ್ ಅನ್ನು ಇಫ್-ಎಲ್ಸ್‌ನ ಅಚ್ಚುಕಟ್ಟಾದ ತಂಗಿ ಎಂದು ಪರಿಚಯಿಸುವುದು ಪಠ್ಯಪುಸ್ತಕಗಳ ಹಳೆಯ ಚಾಳಿ. ನನಗದು ಒಪ್ಪಿಗೆಯಿಲ್ಲ. ಸ್ವಿಚ್‌ನ ರಕ್ತಸಂಬಂಧವೆಲ್ಲ, ಹೇಳಿದ ಲೇಬಲ್ಲಿಗೆ ನೆಗೆಸುವ ಗೋಟು ಜೊತೆಗೆ. 1968ರಲ್ಲಿ ಗಣಕವಿಜ್ಞಾನಿ ಡೈಕ್‌ಸ್ಟ್ರಾ ಪತ್ರ ಬರೆದು ಗೋಟುವಿನ ಮಾನ ಹರಾಜು ಹಾಕಿದ ಮೇಲೂ ಡೆನಿಸ್ ರಿಚಿ ತಮ್ಮ ಭಾಷೆಯಲ್ಲಿ ಅದಕ್ಕೊಂದು ಜಾಗ ಕೊಟ್ಟರು. ಸ್ವಿಚ್‌ನ ವೇಷದಲ್ಲಿ ಇನ್ನೊಂದು ಜಾಗವನ್ನೂ ಕೊಟ್ಟರು. ಕೇಸ್ ಎಂಬುದು ಬರೀ ಲೇಬಲ್. ಅಲ್ಲಿಗೆ ನೆಗೆದ ಮೇಲೆ ಬ್ರೇಕ್ ಸಿಗುವವರೆಗೆ ಓಟ ನಿಲ್ಲದು, ಮುಂದಿನ ಕೇಸಿಗೆ ಸಲೀಸಾಗಿ ಜಾರುತ್ತದೆ.

ಈ ಜಾರಿಕೆಯ ರುಚಿ ಹಿಡಿದವರು ಟಾಮ್ ಡಫ್. 1983ರಲ್ಲಿ ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದಾಗ, ದತ್ತಾಂಶವನ್ನು ಒಂದೇ ರಿಜಿಸ್ಟರಿಗೆ ಸುರಿಯುವ ಲೂಪ್ ನಿಧಾನವೆಂದು ಅದನ್ನು ಬಿಡಿಸಿ, ಒಂದು ಸುತ್ತಿಗೆ ಎಂಟು ನಕಲು ಎಂದು ಬರೆದರು. ಎಂಟರಿಂದ ಭಾಗಿಸಿ ಉಳಿದದ್ದನ್ನು ಏನು ಮಾಡುವುದು? ಅದಕ್ಕೆ ಬೇರೆ ಲೂಪ್ ಬರೆಯುವುದು ಎಲ್ಲರ ದಾರಿ. ಡಫ್ ಸ್ವಿಚ್‌ನ ಕೇಸುಗಳನ್ನು ಡು-ವೈಲ್‌ನ ಹೊಟ್ಟೆಯೊಳಗೇ ಸಿಕ್ಕಿಸಿದರು. ನಕಲಾಗಬೇಕಾದ್ದು ಇಪ್ಪತ್ತು ಎನ್ನಿ. ಶೇಷ ನಾಲ್ಕು, ಸ್ವಿಚ್ ನೇರ ಲೂಪಿನ ನಡುವಿಗೆ, ಕೇಸ್ ನಾಲ್ಕಕ್ಕೆ ನೆಗೆಯುತ್ತದೆ. ಜಾರುತ್ತ ನಾಲ್ಕು ನಕಲು ಮುಗಿಸಿ, ಆಮೇಲೆ ಎರಡು ಪೂರ್ಣ ಸುತ್ತು. ಲೆಕ್ಕ ಚುಕ್ತಾ. ಮೊದಲ ಸಲ ನೋಡಿದವರು ಇದು ಕಂಪೈಲ್ ಆಗುವುದೇ ಇಲ್ಲ ಎಂದು ಪಂಥ ಕಟ್ಟುತ್ತಾರೆ. ಆಗುತ್ತದೆ, ಸ್ವಾಮಿ! (ಎಣಿಕೆ ಸೊನ್ನೆಯಿದ್ದರೆ ಮಾತ್ರ ಎಂಟು ನಕಲಾಗಿಬಿಡುತ್ತದೆ, ಸೊನ್ನೆ ಬಾರದು ಎಂಬ ಭರವಸೆಯ ಮೇಲೆ ನಿಂತ ಕೋಡ್ ಅದು.)

ಬ್ರೇಕ್ ಮರೆತರೆ ಆಗುವ ಅನಾಹುತ ಎಲ್ಲರಿಗೂ ಗೊತ್ತು. ಇದ್ದ ಬ್ರೇಕೇ ಮುಳುವಾದದ್ದೂ ಉಂಟು. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆ ತತ್ತರಿಸಿತು. ಅದರ ಸಿ ಕೋಡಿನಲ್ಲಿ, ಸ್ವಿಚ್‌ನೊಳಗಿನ ಇಫ್‌ನಲ್ಲಿ ಒಂದು ಬ್ರೇಕ್ ಕೂತಿತ್ತು. ಬ್ರೇಕ್‌ಗೆ ಇಫ್‌ನ ಗಡಿ ಕಾಣುವುದಿಲ್ಲ. ಓಟ ಇಡೀ ಸ್ವಿಚ್‌ನಿಂದಲೇ ಹೊರಬಿತ್ತು, ಮಾಡಬೇಕಿದ್ದ ಕೆಲಸ ಹಿಂದೆಯೇ ಉಳಿಯಿತು.

ಹಾಗೆಂದು ಜಾರಿಕೆಯನ್ನೇ ನಿಷೇಧಿಸುವುದು ನನಗೆ ರುಚಿಸದು. ಸಿ23 ಮಾನಕ ಒಳ್ಳೆಯ ನಡುದಾರಿ ಹಿಡಿದಿದೆ: ಬೇಕೆಂದೇ ಜಾರುವಲ್ಲಿ ಫಾಲ್‌ಥ್ರೂ ಎಂದು ಗುರುತು ಹಾಕಬಹುದು. ಲೂಪ್ ಬಿಡಿಸುವ ಕೆಲಸವನ್ನು ಈಗ ಕಂಪೈಲರ್‌ಗಳೇ ಮಾಡುತ್ತವೆ, ಡಫ್‌ರ ತಂತ್ರವನ್ನು ಕಚೇರಿಯ ಕೋಡಿಗೆ ತರಬೇಡಿ. ಬಿಡುವಿದ್ದಾಗ ಕಾಗದದ ಮೇಲೆ, ಎಣಿಕೆಗೆ ಹದಿಮೂರು ಕೊಟ್ಟು, ಬೆರಳಿಟ್ಟು ನಡೆಸಿ ನೋಡಿ.