ಭಾಷಣರಚನೆಯಲ್ಲಿ ಒಂದು ಪದದ ನಡೆ: ಗೆಟ್ಟಿಸ್‌ಬರ್ಗ್ ಭಾಷಣದ ಪರಿಶೀಲನೆ

ಪರಿಣಾಮಕಾರಿಯಾದ ಭಾಷಣವನ್ನು ಬರೆಯುವುದು ಹೇಗೆಂಬ ಪ್ರಶ್ನೆಗೆ ನಮ್ಮ ತರಗತಿಗಳಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಸೂಕ್ತಿಯಿಂದ ಆರಂಭಿಸಬೇಕು, ಅಲಂಕಾರಗಳಿಂದ ಬೆಳಸಬೇಕು, ಸಂಕ್ಷೇಪವಾಗಿ ಮುಗಿಸಬೇಕು. ಸಂಕ್ಷೇಪಕ್ಕೆ ನಿದರ್ಶನವಾಗಿ ಅಬ್ರಹಾಂ ಲಿಂಕನ್ನನ ಗೆಟ್ಟಿಸ್‌ಬರ್ಗ್ ಭಾಷಣವನ್ನು ಹೆಸರಿಸುವುದು ವಾಡಿಕೆ. ಆದರೆ ಆ ಭಾಷಣದ ಹಿರಿಮೆಯು ಅದರ ಹ್ರಸ್ವತೆಯಲ್ಲಿಲ್ಲ, ಒಂದೇ ಪದವನ್ನು ಅರ್ಥದಿಂದ ಅರ್ಥಕ್ಕೆ ನಡೆಸಿಕೊಂಡು ಹೋಗುವ ಕ್ರಮದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯದ ಗೆಟ್ಟಿಸ್‌ಬರ್ಗಿನಲ್ಲಿ ಘೋರ ಕದನ ನಡೆಯಿತು. ಅಲ್ಲಿ ಮಡಿದ ಸೈನಿಕರ ಸಮಾಧಿಭೂಮಿಯ ಸಮರ್ಪಣೆ ಅದೇ ವರ್ಷದ ನವೆಂಬರ್ 19ರಂದು ಜರುಗಿತು. ಅಂದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ಟನು ಸುಮಾರು ಎರಡು ಗಂಟೆಗಳ ಕಾಲ ಮಾತನಾಡಿದನು. ಕೆಲವು ಉಚಿತವಾದ ಮಾತುಗಳನ್ನಾಡಲು ಮಾತ್ರ ಆಹ್ವಾನಿತನಾಗಿದ್ದ ಲಿಂಕನ್ನನು ಹತ್ತು ವಾಕ್ಯಗಳಲ್ಲಿ, ಸುಮಾರು 270 ಪದಗಳಲ್ಲಿ, ಮುಗಿಸಿದನು. ಇದರಿಂದ ಎವರೆಟ್ಟನನ್ನು ವಾಚಾಳಿಯೆಂದು ಹಳಿಯುವುದು ನ್ಯಾಯವಲ್ಲ. ಕದನದ ವೃತ್ತಾಂತವನ್ನೆಲ್ಲ ಅವನು ಹೇಳಿಯಾಗಿದ್ದುದರಿಂದಲೇ ಲಿಂಕನ್ನನು ಅದನ್ನು ಬಿಡಲು ಸಾಧ್ಯವಾಯಿತು. ಕ್ಷೇಮೇಂದ್ರನ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿಯ ಸಂಕ್ಷೇಪವು ಔಚಿತ್ಯದ ಫಲವೇ ಹೊರತು ಸ್ವತಂತ್ರವಾದ ಗುಣವಲ್ಲ.

ಈಗ ರಚನೆಯನ್ನು ನೋಡೋಣ. ಪ್ರಚಲಿತ ಪಾಠದಲ್ಲಿ ‘ಡೆಡಿಕೇಟ್’ ಎಂಬ ಕ್ರಿಯಾಪದವು ಆರು ಬಾರಿ ಬರುತ್ತದೆ. ಮೊದಲೆರಡು ಸಲ ಅದು ಸಮಾನತೆಯ ತತ್ತ್ವಕ್ಕೆ ಅರ್ಪಿತವಾದ ರಾಷ್ಟ್ರವನ್ನು ಕುರಿತದ್ದು. ಮೂರನೆಯ ಸಲ, ನೆರೆದವರು ಅರ್ಪಿಸಲು ಬಂದ ನೆಲವನ್ನು ಕುರಿತದ್ದು. ನಾಲ್ಕನೆಯ ಸಲ ನಿಷೇಧ: ಹೋರಾಡಿದವರೇ ಈ ನೆಲವನ್ನು ಪವಿತ್ರಗೊಳಿಸಿರುವುದರಿಂದ ಆ ಕೆಲಸ ನಮ್ಮಿಂದಾಗದು. ಕೊನೆಯ ಎರಡು ಸಲ ಅದೇ ಪದವು ಬದುಕಿರುವವರ ಕಡೆಗೆ ತಿರುಗುತ್ತದೆ. ನೆಲವನ್ನು ಅರ್ಪಿಸಲು ಬಂದವರು ತಾವೇ ಅರ್ಪಿತರಾಗಬೇಕಾದವರೆಂದು ತಿಳಿದು ಹಿಂದಿರುಗುತ್ತಾರೆ. ಈ ನಡೆಗೆ ಅಡ್ಡಿಯಾಗುವ ಯಾವುದಕ್ಕೂ ಇಲ್ಲಿ ಎಡೆಯಿಲ್ಲ. ಊರಿನ ಹೆಸರಿಲ್ಲ, ಸೇನಾನಿಯ ಹೆಸರಿಲ್ಲ, ಶತ್ರುವಿನ ನಿಂದೆಯಿಲ್ಲ.

ಇದು ಪುನರುಕ್ತಿದೋಷವಲ್ಲವೇ ಎಂದು ಕೇಳಬಹುದು. ಪದವು ಮರಳಿ ಬಂದು ಅರ್ಥವು ಮುಂದುವರಿಯದಿದ್ದರೆ ದೋಷ. ಪ್ರತಿಯೊಂದು ಆವೃತ್ತಿಯಲ್ಲಿಯೂ ಅರ್ಥವು ಒಂದು ಹೆಜ್ಜೆ ಮುಂದಿಟ್ಟರೆ ಅದೇ ಭಾಷಣದ ಬೆನ್ನೆಲುಬು. ಇಂಥ ಬಂಧವು ಆ ಕ್ಷಣದ ಸ್ಫೂರ್ತಿಯಿಂದ ಹುಟ್ಟುವುದೂ ವಿರಳ. ಲಿಂಕನ್ನನು ರೈಲಿನಲ್ಲಿ ಲಕೋಟೆಯ ಮೇಲೆ ಇದನ್ನು ಗೀಚಿದನೆಂಬ ಕಥೆ ಜನಪ್ರಿಯವಾದರೂ ನಂಬತಕ್ಕದ್ದಲ್ಲ. ಅವನ ಹಸ್ತಾಕ್ಷರದ ಐದು ಪ್ರತಿಗಳು ಉಳಿದಿವೆ. ಅವುಗಳ ಪಾಠಭೇದಗಳು ಭಾಷಣದ ಅನಂತರವೂ ಅವನು ತಿದ್ದುತ್ತಲೇ ಇದ್ದನೆಂಬುದನ್ನು ತೋರಿಸುತ್ತವೆ.

ಕನ್ನಡದಲ್ಲಿ ಇದನ್ನು ಪಾಠ ಹೇಳುವವರಿಗೆ ಒಂದು ತೊಡಕುಂಟು. ರಾಷ್ಟ್ರಕ್ಕೆ ‘ಬದ್ಧ’, ನೆಲಕ್ಕೆ ‘ಸಮರ್ಪಣೆ’, ಜನರಿಗೆ ‘ತೊಡಗುವಿಕೆ’ ಎಂದು ಸಂದರ್ಭಾನುಸಾರವಾಗಿ ಪದಗಳನ್ನು ಬದಲಿಸಿದರೆ ವಾಕ್ಯಗಳು ಸುಭಗವಾಗುತ್ತವೆ, ಭಾಷಣವು ಒಡೆಯುತ್ತದೆ. ನಮ್ಮ ‘ಮುಡಿಪು’ ಈ ಭಾರವನ್ನು ಬಹುಮಟ್ಟಿಗೆ ಹೊರಬಲ್ಲದು: ತತ್ತ್ವಕ್ಕೆ ಮುಡಿಪಾದ ರಾಷ್ಟ್ರ, ಮಡಿದವರಿಗೆ ಮುಡಿಪಾದ ನೆಲ, ಉಳಿದ ಕಾರ್ಯಕ್ಕೆ ಮುಡಿಪಾಗಬೇಕಾದ ಜನ. ದೇವರಿಗೆಂದು ತೆಗೆದಿರಿಸಿದ ಕಾಣಿಕೆಯ ಭಾವವೂ ಅದರಲ್ಲಿ ಅಡಗಿದೆ.

ಆದುದರಿಂದ ಭಾಷಣವನ್ನು ಬರೆಯುವ ವಿದ್ಯಾರ್ಥಿಗೆ ಅಲಂಕಾರಗಳ ಪಟ್ಟಿಯನ್ನು ಕೊಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳುವುದು ಮೇಲು. ಶ್ರೋತೃಗಳು ಯಾವ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಸಭೆಗೆ ಬಂದಿದ್ದಾರೆ? ಅದೇ ಪದವನ್ನು ಯಾವ ಹೊಸ ಅರ್ಥದೊಡನೆ ಅವರು ಹಿಂದಕ್ಕೆ ಒಯ್ಯಬೇಕು? ಉತ್ತರ ತಿಳಿದವನಿಗೆ ಎಷ್ಟು ಹೊತ್ತು ಮಾತನಾಡಬೇಕೆಂಬುದೂ ತಿಳಿಯುತ್ತದೆ.