ರೈಲಿನಲ್ಲಿ ಷರ್ಲಾಕ್ ಹೋಮ್ಸ್

ಷರ್ಲಾಕ್ ಹೋಮ್ಸ್ ಮೊದಲು ಅಚ್ಚಾದದ್ದು 1887ರಲ್ಲಿ. ಕುದುರೆಗಾಡಿ ಹೋಗಿ ಮೊಬೈಲ್ ಬಂದರೂ ಈ ಪತ್ತೇದಾರ ತೆರೆಯ ಮೇಲೆ ಮತ್ತೆ ಮತ್ತೆ ಬರುವುದೇಕೆ?

1892ರಲ್ಲಿ ಪ್ರಕಟವಾದ 'ಸಿಲ್ವರ್ ಬ್ಲೇಜ್' ಕಥೆಯನ್ನು ನೋಡಿ. ಓಡುವ ರೈಲಿನಲ್ಲಿ ಕುಳಿತ ಹೋಮ್ಸ್, ಗಡಿಯಾರ ನೋಡಿ, ವೇಗ ಗಂಟೆಗೆ 53.5 ಮೈಲಿ ಎನ್ನುತ್ತಾನೆ. ಹಳಿಯ ಪಕ್ಕದ ಟೆಲಿಗ್ರಾಫ್ ಕಂಬಗಳ ನಡುವಿನ ಅಂತರ 60 ಗಜ ಎಂಬುದಷ್ಟೇ ಅವನ ಆಧಾರ. ಉಳಿದ ಲೆಕ್ಕವನ್ನು ನೀವೇ ಮಾಡಬಹುದು. ಆ ವೇಗದಲ್ಲಿ ಕಂಬದಿಂದ ಕಂಬಕ್ಕೆ ಸುಮಾರು 2.3 ಸೆಕೆಂಡು. ಒಂದೇ ಅಂತರವನ್ನು ಅಳೆಯುವಾಗ 0.2 ಸೆಕೆಂಡು ತಪ್ಪಿದರೂ ಉತ್ತರದಲ್ಲಿ ನಾಲ್ಕೈದು ಮೈಲಿ ಏರುಪೇರು! ಎರಡು ನಿಮಿಷ ಎಣಿಸಿದರೆ ಸುಮಾರು 52 ಅಂತರಗಳು ಸಿಗುತ್ತವೆ. ಆಗ ಇಡೀ ಒಂದು ಸೆಕೆಂಡು ತಪ್ಪಿದರೂ ದೋಷ ಅರ್ಧ ಮೈಲಿಯೊಳಗೆ. ಎಷ್ಟು ಹೊತ್ತು ಎಣಿಸಿದನೆಂದು ಕಥೆಗಾರ ಕಾನನ್ ಡಾಯ್ಲ್ ಹೇಳುವುದಿಲ್ಲ. ಆ ದಶಮಾಂಶದಲ್ಲಿ ತುಸು ಜಂಭವೂ ಇದೆ ಎನ್ನಿ. ಆದರೂ ಓದುಗ ಪರೀಕ್ಷಿಸಿ ನೋಡಬಹುದಾದ ಜಾಣತನವಿದು. ಅವನ ಆಕರ್ಷಣೆಯ ಗುಟ್ಟು ಇಲ್ಲಿದೆಯೆಂದು ನನ್ನ ಎಣಿಕೆ.

ರೂಪಾಂತರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ. 1984ರಲ್ಲಿ ಆರಂಭವಾದ ಗ್ರನಾಡಾ ಟೆಲಿವಿಷನ್ ಸರಣಿಯ ಜೆರೆಮಿ ಬ್ರೆಟ್ ತರ್ಕದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಸುತ್ತಾರೆ. 2010ರ ಬಿಬಿಸಿ ಸರಣಿಯಲ್ಲಿ ಸುಳಿವುಗಳು ಅಕ್ಷರಗಳಾಗಿ ತೆರೆಯ ಮೇಲೆ ತೇಲುತ್ತವೆ. ಕಣ್ಣಿಗೆ ಹಬ್ಬವೇ. ಆದರೆ ಎಷ್ಟೋ ಸಲ ನಾವು ಯೋಚಿಸುವ ಮೊದಲೇ ತೀರ್ಮಾನ ಬಂದುಬಿಡುತ್ತದೆ. ಹೋಮ್ಸ್ ಜಾದೂಗಾರನಾಗುತ್ತಾನೆ, ನಾವು ಬರಿಯ ಪ್ರೇಕ್ಷಕರಾಗುತ್ತೇವೆ. ವಿಜ್ಞಾನಿಯೆಂದರೆ ಹುಟ್ಟು ಮೇಧಾವಿ ಎಂದು ವಿದ್ಯಾರ್ಥಿಗಳು ಹಿಂಜರಿಯಲು ಇಂಥ ಚಿತ್ರಣವೂ ಒಂದು ಕಾರಣವಾಗಿರಬಹುದು.

ತರಗತಿಗೆ ನಾನು ಬ್ರೆಟ್ ಅವರನ್ನೇ ಆರಿಸುವೆ. ಶಿಕ್ಷಕರೇ, ಹೋಮ್ಸ್ ಬಾಯಿ ತೆರೆಯುವ ಮುನ್ನ ಚಿತ್ರವನ್ನು ನಿಲ್ಲಿಸಿ, ಅದೇ ಸುಳಿವುಗಳಿಗೆ ಬೇರೆ ವಿವರಣೆ ಇದೆಯೇ ಎಂದು ಕೇಳಿ. ಹಲವು ಸಲ ಇರುತ್ತದೆ.